ಮಂಜು ಹಿಡಿದ ಕಿಟಕಿ

ನಲವತ್ತೈದು ದಾಟಿದ ಗಂಡಸರಿಗೆ ಹೊಸದೊಂದು ಆಸೆ ಹುಟ್ಟುತ್ತದೆ. ಹರೆಯದಲ್ಲಿ ನಮ್ಮ ಮಾತನ್ನು ನಾಲ್ಕು ಜನ ಕೇಳಬೇಕು ಅನಿಸುತ್ತಿರುತ್ತದೆ. ಆಮೇಲಾಮೇಲೆ ಯಾರ ಮಾತೂ ನಮ್ಮ ಕಿವಿಗೆ ಬೀಳದಿದ್ದರೆ ಸಾಕಪ್ಪಾ ಅನಿಸತೊಡಗುತ್ತದೆ. ಇದನ್ನು ತಿಳಿದವರು ವೈರಾಗ್ಯ ಅನ್ನುತ್ತಾರೆ. ನನ್ನ ಹೆಂಡತಿ ಸರೋಜಾ ಸೋಮಾರಿತನ ಅನ್ನುತ್ತಾಳೆ. ನನ್ನ ಮಟ್ಟಿಗೆ ಅದು ನೌಕರಿಯಿಂದ ಅಂಟಿಕೊಂಡ ಜಡ್ಡು. ನಾನು ದನದ ಡಾಕ್ಟರು. ತುಕ್ಕಾನಟ್ಟಿಯ ಕಡೆ ನನ್ನ ಕೆಲಸ. ಅಲ್ಲಿ ಎಮ್ಮೆ ಒಮ್ಮೆ ಒದರಿದರೆ ಅದರ ಮಾಲೀಕ ಹತ್ತು ಸಲ ಒದರುತ್ತಾನೆ. ಎಮ್ಮೆಗಾದರೆ ಸೂಜಿ ಚುಚ್ಚಬಹುದು, ಮಾಲೀಕನಿಗೆ ಏನು ಮಾಡುವುದು? ಹೀಗೆ ದಿನವೆಲ್ಲ ಒದರಾಟ ಕೇಳಿ ಗೋಕಾಕದ ನಮ್ಮ ಮನೆಗೆ ಬಂದರೆ ಓಣಿಯಲ್ಲಿ ಹಿಟ್ಟಿನ ಗಿರಣಿ. ಅದು ಶುರುವಾದರೆ ನಮ್ಮ ಮನೆಯ ತಾಟು, ವಾಟಿ, ಕೊನೆಗೆ ಗೋಡೆಯ ಮೇಲಿನ ಅಪ್ಪನ ಫೋಟೋ ಕೂಡ ಸಣ್ಣಗೆ ನಡುಗುತ್ತವೆ. ಬದುಕಿದ್ದಾಗ ಯಾರಿಗೂ ನಡುಗದ ಮನುಷ್ಯ ನಮ್ಮಪ್ಪ.

ಇಂಥ ನನಗೆ ಮೌನದ ರುಚಿ ಹತ್ತಿದ್ದು ಬೆಳಗಾವಿಯಲ್ಲಿ, ಸರೋಜಾಳ ತಂಗಿಯ ಮದುವೆಯಲ್ಲಿ. ನಮ್ಮನ್ನು ದೊಡ್ಡ ಹೋಟೆಲಿನಲ್ಲಿ ಇಳಿಸಿದ್ದರು. ಕೋಣೆಯ ಕಿಟಕಿಯ ಕೆಳಗೇ ಬಸ್ಸು ಲಾರಿ ಓಡಾಡುತ್ತಿದ್ದರೂ ಒಳಗೆ ಒಂದಿಷ್ಟೂ ಸದ್ದಿಲ್ಲ. ಕೇಳಿದೆ. ಇದು ಜೋಡಿ ಗಾಜಿನ ಕಿಟಕಿ ಸರ್, ಎರಡು ಗಾಜು, ನಡುವೆ ಗಾಳಿ, ಸುತ್ತಲೂ ಸೀಲು ಹಾಕಿರುತ್ತಾರೆ, ಸದ್ದು ಒಳಗೆ ಬರುವುದಿಲ್ಲ ಎಂದು ಅಲ್ಲಿಯವನು ವಿವರಿಸಿದ. ಐದು ನಿಮಿಷ ಅಡ್ಡಾಗೋಣ ಅಂತ ಮಲಗಿದೆ. ಎದ್ದಾಗ ಮದುವೆ ಮುಗಿದು, ಅಕ್ಕಿಕಾಳು ಬಿದ್ದು, ಊಟದ ಎರಡನೇ ಪಂಕ್ತಿಯೂ ಎದ್ದಿತ್ತು. ಬಾಗಿಲು ಬಡಿದದ್ದೂ ಕೇಳಲಿಲ್ಲವೇ ಎಂದು ಮಾವನವರು ಇವತ್ತಿಗೂ ಕೇಳುತ್ತಾರೆ. ಮದುವೆಯ ಒಂದು ಫೋಟೋದಲ್ಲೂ ನಾನಿಲ್ಲ. ಮದುಮಗನ ಕಡೆಯವರು ಸರೋಜಾಳನ್ನು ಗಂಡ ಸತ್ತವಳೆಂದು ತಿಳಿದು ಮರುಕ ತೋರಿಸಿದರಂತೆ. ಇಷ್ಟೆಲ್ಲ ಆದರೂ ನನ್ನ ತಲೆಯಲ್ಲಿ ಉಳಿದದ್ದು ಆ ನಿದ್ದೆ ಮಾತ್ರ.

ಈಗ ನಮ್ಮ ಓಣಿಯ ವಿಷಯ ಹೇಳಬೇಕು. ನಮ್ಮ ಮನೆಗೆ ಎದುರುಬದುರಾಗಿ ಚಿಗವ್ವನ ಮನೆ. ಚಿಗವ್ವ ಅಂದರೆ ನಮ್ಮ ಅವ್ವನ ಸ್ವಂತ ತಂಗಿ. ಅಕ್ಕತಂಗಿಯರು ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದವರು. ಪಾಲಾದಾಗ ಅಣ್ಣನಿಗೆ ಓಣಿಯ ಈ ಕಡೆ ಬಂತು, ತಮ್ಮನಿಗೆ ಆ ಕಡೆ. ಇಬ್ಬರು ಗಂಡಂದಿರೂ ತೀರಿಹೋದ ಮೇಲೆ ಉಳಿದದ್ದು ಈ ಕಡೆ ಅವ್ವ, ಆ ಕಡೆ ಚಿಗವ್ವ, ನಡುವೆ ಒಂದು ಎತ್ತಿನ ಗಾಡಿ ಹಿಡಿಸುವಷ್ಟು ಓಣಿ. ಇಬ್ಬರಿಗೂ ಮಾತಿಲ್ಲ. ಯಾಕೆ ಮಾತಿಲ್ಲ ಅಂತ ಅವ್ವನನ್ನು ಕೇಳಿದರೆ, ತಂಗಿ ತನ್ನ ಶ್ಯಾವಿಗೆ ಮಣೆಯನ್ನು ಒಯ್ದು ಸೀಳಿ ತಿರುಗಿ ಕೊಟ್ಟಳು ಎನ್ನುತ್ತಾಳೆ. ಚಿಗವ್ವನನ್ನು ಕೇಳಿದರೆ, ತನ್ನ ಮಗಳು ಮಹಾದೇವಿಯನ್ನು ನೋಡಲು ಬಂದ ಬೀಗರ ಮುಂದೆ ಅವ್ವ ‘ಹುಡುಗಿಗೆ ರೊಟ್ಟಿ ಬಡಿಯಾಕ ಬರೂದಿಲ್ಲ’ ಎಂದಳಂತೆ. ಇವೆರಡೂ ಒಂದೇ ಜಗಳವೋ ಬೇರೆ ಬೇರೆ ಜಗಳಗಳೋ ನನಗೆ ತಿಳಿಯದು. ಇಬ್ಬರೂ ತಮ್ಮ ತಮ್ಮ ಜಗಳವನ್ನು ಬೇರೆಬೇರೆಯಾಗಿಯೇ ಸಾಕಿಕೊಂಡು ಬಂದಿದ್ದರು.

ಮಾತಿಲ್ಲ ಅಂದೆ, ಆದರೆ ಸದ್ದಿಲ್ಲ ಅಂತ ತಿಳಿಯಬೇಡಿ. ಚಿಗವ್ವ ಒಂದು ಆಡು ಸಾಕಿದ್ದಳು. ಅವ್ವನ ಕಾಲಲ್ಲಿ ಯಾವಾಗಲೂ ಒಂದು ಬೆಕ್ಕು. ಬೆಳಗಿನ ಚಹಾ ಆದ ಕೂಡಲೇ ಅವ್ವ ನಮ್ಮ ಓಣಿ ಕಡೆಯ ಕಟ್ಟಿಗೆಯ ಕಿಟಕಿ ತೆರೆದು ಕುರ್ಚಿ ಹಾಕಿಕೊಂಡು ಕೂರುವಳು. ಚಿಗವ್ವ ಕಟ್ಟೆಯ ಮೇಲೆ ಕೂತು ಆಡಿಗೆ ಸೊಪ್ಪು ಹಾಕುವಳು. ಆಮೇಲೆ ಶುರು.

“ತಿನ್ನವಾ ತಿನ್ನು,” ಎಂದು ಚಿಗವ್ವ ಆಡಿಗೆ ಹೇಳುವಳು, “ನಿನ್ನ ಹಲ್ಲು ಗಟ್ಟಿ ಅದಾವು. ಕೆಲವರ ಮನಿ ರೊಟ್ಟಿ ತಿಂದಿದ್ರ ಎಂದೋ ಬಿದ್ದಹೋಗತಿದ್ದೂ.”

ಅವ್ವ ಬೆಕ್ಕಿನ ಬೆನ್ನು ಸವರುತ್ತ, “ಒಳಗ ಬಾರ ಚಿನ್ನಿ. ಆ ಕಡೆ ನೋಡಬ್ಯಾಡ. ಕೊಟ್ಟ ಸಾಮಾನು ಸೀಳಿ ಕೊಡೂ ಮಂದಿ ಅದಾರ, ನಿನ್ನ ಬಾಲಾನೂ ಸೀಳ್ಯಾರು,” ಎನ್ನುವಳು.

ಹೀಗೆ ಒಂದು ತಾಸು. ಆಡು ಬೆಕ್ಕು ಎರಡೂ ಈ ಮಾತುಗಳಿಗೆ ಎಷ್ಟು ಒಗ್ಗಿಹೋಗಿದ್ದವೆಂದರೆ ಯಾವುದಾದರೊಂದು ದಿನ ತಡವಾದರೆ ತಾವೇ ಬಂದು ಜಾಗದಲ್ಲಿ ನಿಲ್ಲುತ್ತಿದ್ದವು. ಗಿರಣಿಯ ಸದ್ದಿಗೆ ಸರಿಯಾಗಿ ಇಬ್ಬರೂ ದನಿ ಏರಿಸುವರು. ನನಗೆ ಇದು ಸಾಕುಸಾಕಾಗಿತ್ತು. ಓಣಿಯ ಮಂದಿಗೆ ಪುಕ್ಕಟೆ ತಮಾಷೆ, ನಾಲ್ಕು ಜನರಲ್ಲಿ ಡಾಕ್ಟರೆನಿಸಿಕೊಂಡ ನನಗೆ ಮರ್ಯಾದೆಯ ಪ್ರಶ್ನೆ. ಹೋಟೆಲಿನ ಕಿಟಕಿ ನೆನಪಾಯಿತು. ಹುಕ್ಕೇರಿಯಲ್ಲಿ ಅಲ್ಯುಮಿನಿಯಂ ಕಿಟಕಿ ಕೂರಿಸುವ ಸದಾಶಿವ ಎಂಬವನು ಈ ಕೆಲಸ ಮಾಡುತ್ತಾನೆಂದು ಯಾರೋ ಹೇಳಿದರು. ಅವನು ಬಂದು ನೋಡಿ, “ತೆರೆಯೂದು ಮಾಡಿದ್ರ ಸಂದ್ಯಾಗಿಂದ ಸಪ್ಪಳ ಬರತೈತ್ರಿ. ಖಾಯಂ ಮುಚ್ಚಿದ್ದ ಹಾಕಸ್ರಿ. ಹಿಂದಿನ ಕಿಡಕಿಯಿಂದ ಗಾಳಿ ಬರತೈತಲ್ಲ,” ಎಂದ. ನಾನು ಗೋಣು ಹಾಕಿದೆ. ಅಜ್ಜನ ಕಾಲದ ಕಟ್ಟಿಗೆಯ ಕಿಟಕಿ ಕಿತ್ತು, ತೆರೆಯಲು ಬಾರದ ಜೋಡಿ ಗಾಜು ಕೂರಿಸಿದೆವು.

ಎಂಥ ಶಾಂತಿ ಅಂತೀರಿ! ಗಿರಣಿ ದೂರದ ಊರಿನಲ್ಲಿ ಬೀಸಿದಂತೆ ಕೇಳುತ್ತಿತ್ತು. ಬಂದವರಿಗೆಲ್ಲ ಬಾಗಿಲು ತೆರೆದು ಮುಚ್ಚಿ ತೋರಿಸಿದೆ. ಅವ್ವ ಎಂದಿನಂತೆ ಕುರ್ಚಿ ಹಾಕಿಕೊಂಡು ಕೂತಳು. ಎದುರಿಗೆ ಚಿಗವ್ವ ಆಡಿನ ಜೊತೆ ಬಾಯಿ ಆಡಿಸುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಅವ್ವ ಕಣ್ಣು ಕಿರಿದು ಮಾಡಿ ತುಟಿ ನೋಡಿ ಮಾತು ಹಿಡಿಯಲು ನೋಡುವಳು, ಹಿಡಿದಷ್ಟಕ್ಕೆ ಬೆಕ್ಕಿನ ಕಿವಿಯಲ್ಲಿ ಉತ್ತರ ಕೊಡುವಳು. ಆ ಉತ್ತರ ಗಾಜಿಗೆ ತಾಗಿ ನಮ್ಮ ಪಡಸಾಲೆಗೇ ತಿರುಗಿ ಬರುತ್ತಿತ್ತು. ಕೆಲವು ದಿನಗಳಲ್ಲಿ ಅವ್ವ ಉತ್ತರ ಕೊಡುವುದನ್ನು ಬಿಟ್ಟಳು. ಸುಮ್ಮನೆ ನೋಡುತ್ತ ಕೂರುವಳು. ಚಿಗವ್ವನೂ ಸುಮ್ಮನಾದಳು. ಒಂದು ಜಗಳವನ್ನು ಸಮಾಧಾನದಿಂದ ಮುಗಿಸಿದೆನೆಂದು ನಾನು ಹಿಗ್ಗಿದೆ. ಸಹೋದ್ಯೋಗಿಗಳಿಗೆ ಈ ಉಪಾಯ ಹೇಳಿ ಎರಡು ಕಿಟಕಿ ಮಾರಿಸಿಯೂ ಕೊಟ್ಟೆ.

ಕೆಲವು ವರ್ಷ ಹೀಗೇ ನಡೆಯಿತು. ಕಳೆದ ದೀಪಾವಳಿಯ ಮುಂದೆ ಒಂದು ಬೆಳಿಗ್ಗೆ ಅವ್ವ, “ಶಿವೂ, ನನ್ನ ಕಣ್ಣು ಹ್ವಾದೂ ಅಂತ ಕಾಣತೈತಿ. ಓಣ್ಯಾಗಿಂದ ಏನೂ ಕಾಣವಲ್ದು,” ಎಂದಳು. ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ದೀಪ ಬಿಟ್ಟು ನೋಡಿ, ಆಪರೇಶನ್ ಆದ ಕಣ್ಣು ಎರಡೂ ಚೆನ್ನಾಗಿವೆ, ಬೇಕಾದರೆ ನಿಮ್ಮ ಕಣ್ಣು ತೋರಿಸಿಕೊಳ್ಳಿ ಎಂದು ನನಗೇ ಹೇಳಿದರು. ಮರುದಿನ ನೋಡಿದರೆ ಕಿಟಕಿಯ ಮೇಲೆ ಬೆಳ್ಳಗೆ ಮಂಜು. ಸರೋಜಾ ಒಳಗಿನಿಂದ ಒರೆಸಿದಳು, ಹೋಗಲಿಲ್ಲ. “ನಿಮ್ಮ ಕಡೆ ಐತಿ,” ಎಂದಳು. ನಾನು ಹೊರಗೆ ಸ್ಟೂಲು ಹತ್ತಿ ಒರೆಸಿ, “ನನ್ನ ಕಡೆ ಸ್ವಚ್ಛ ಐತಿ. ನಿನ್ನ ಕಡೇನ ಐತಿ,” ಎಂದೆ. ಅವಳಿಗೆ ಕೇಳಲಿಲ್ಲ. ಕೈಸನ್ನೆ ಮಾಡಿದೆ. ಅವಳೂ ಮಾಡಿದಳು. ಗಾಜಿನ ಎರಡೂ ಬದಿ ನಿಂತು ಗಂಡ ಹೆಂಡತಿ ಒಬ್ಬರಿಗೊಬ್ಬರು ಬೆರಳು ತೋರಿಸುತ್ತಿದ್ದುದನ್ನು ಗಿರಣಿಗೆ ಬಂದವರು ಹಿಟ್ಟಿನ ಡಬ್ಬಿ ಕೆಳಗಿಟ್ಟು ನೋಡಿದರು. ನಮ್ಮ ಸಂಸಾರದ ಬಹುಪಾಲು ತಕರಾರುಗಳು ಹೀಗೇ ಆಗಿವೆ. ಈ ಸಲ ಮಾತ್ರ ಇಬ್ಬರೂ ಸರಿಯಾಗಿದ್ದೆವು. ಮಂಜು ನನ್ನ ಕಡೆಯೂ ಇರಲಿಲ್ಲ, ಅವಳ ಕಡೆಯೂ ಇರಲಿಲ್ಲ. ಎರಡು ಗಾಜಿನ ನಡುವೆ ಹೊಕ್ಕು ಕೂತಿತ್ತು.

ಸದಾಶಿವನಿಗೆ ಫೋನು ಮಾಡಿದೆ. ಅವನು ಹುಕ್ಕೇರಿಯಿಂದ ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಅಷ್ಟೊತ್ತಿಗೆ ಬಿಸಿಲು ಬಿದ್ದು ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು. “ಎಲ್ಲೈತ್ರಿ ಮಂಜು?” ಎಂದ. ಬೆಳಿಗ್ಗೆ ಇರುತ್ತದೆ ಎಂದೆ. ಈ ಮನುಷ್ಯನಿಗೆ ಬೆಳಿಗ್ಗೆ ಏನು ಕುಡಿಯುವ ಚಟವಿರಬಹುದು ಎಂಬಂತೆ ನನ್ನನ್ನು ನೋಡಿ ಹೋದ. ಆಮೇಲೆ ಮೊಬೈಲಿನಲ್ಲಿ ಫೋಟೋ ಕಳಿಸಿದ ಮೇಲೆ ಒಪ್ಪಿದ. ಗಿರಣಿಯ ನಡುಕಕ್ಕೆ ಅಂಚಿನ ಸೀಲು ಬಿಟ್ಟಿದೆ, ಒಳಗೆ ಹಸಿ ಗಾಳಿ ಹೋಗಿದೆ, ತಂಪಿಗೆ ಮಂಜಾಗುತ್ತದೆ, ಬಿಸಿಲಿಗೆ ಆರುತ್ತದೆ, ಒರೆಸಿ ತೆಗೆಯುವಂಥದ್ದಲ್ಲ, ಜೋಡಿ ಗಾಜನ್ನೇ ಬದಲಿಸಬೇಕು, ಬೇರೆ ಕಡೆಯಿಂದ ಮಾಡಿಸಿ ತರಬೇಕು ಎಂದ. ಅಳತೆ ತೆಗೆದುಕೊಂಡು ಹೋದ. ಬಂದ ಗಾಜು ಕಿಟಕಿಗಿಂತ ಒಂದು ಗೇಣು ಉದ್ದ ಇತ್ತು. “ಗ್ವಾಡೀನ ಒಂದ ಗೇಣ ಸರಿಸಿದ್ರ ಕೂಡತೈತ್ರಿ,” ಎಂದು ತಾನೇ ನಕ್ಕ. ನಾನು ನಗಲಿಲ್ಲ. ಮತ್ತೆ ಹೇಳಿ ಕಳಿಸಿದ್ದಾಯಿತು. ಅದು ಬರುವವರೆಗೆ ಚಳಿ ಬಲಿಯಿತು. ದಿನಾ ಬೆಳಿಗ್ಗೆ ಕಿಟಕಿ ಹಾಲಿನಂತೆ ಬೆಳ್ಳಗಾಗುವುದು, ಅವ್ವ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದು. ಏನೂ ಕಾಣುವುದಿಲ್ಲವಲ್ಲ ಅವ್ವಾ, ಏಳು ಎಂದರೆ, “ಇರಲಿ ಬಿಡು, ಬಿಸಲ ಬಂದ ಮ್ಯಾಲೆ ಕಾಣತೈತಿ,” ಎನ್ನುವಳು. ಬಿಸಿಲು ಬರುವ ಹೊತ್ತಿಗೆ ಚಿಗವ್ವ ಆಡು ಕಟ್ಟಿ ಒಳಗೆ ಹೋಗಿರುತ್ತಿದ್ದಳು.

ಒಂದು ಸಂಜೆ ಮನೆಗೆ ಬಂದಾಗ ಚಿಗವ್ವನ ಮನೆಗೆ ಕೀಲಿ ಬಿದ್ದಿತ್ತು. ಆಡೂ ಇರಲಿಲ್ಲ. ಗಿರಣಿಯ ಬಸವಣ್ಣಿ ಹಿಟ್ಟು ಹತ್ತಿದ ಹುಬ್ಬು ಎತ್ತಿ, “ಕುಲಗೋಡಕ್ಕ ಮಗಳ ಮನಿಗೆ ಹ್ವಾದ್ಳ್ರಿ ಡಾಕ್ಟರ. ಭಾಳ ನೊಂದಕೊಂಡ ಹ್ವಾದ್ಳು,” ಎಂದ.

“ಯಾಕ? ಏನಾತು?”

“ಮತ್ತೇನ್ರಿ, ಆಕಿ ಮುಂಜಾನೆ ಹೊರಗ ಬಂದ ಕೂಡಲೇ ನಿಮ್ಮವ್ವ ಕಿಡಕಿಗೆ ಬಿಳೇ ಪರದೆ ಎಳೀತಾಳಂತ. ಆಕಿ ಒಳಗ ಹ್ವಾದ ಮ್ಯಾಲೆ ತಗೀತಾಳಂತ. ‘ನನ್ನ ಮಾರಿ ನೋಡಬಾರದಂಥಾದ್ದು ನಾ ಏನ್ ಮಾಡೇನಿ ಬಸವಣ್ಣಿ’ ಅಂತ ಅತ್ತಳ್ರಿ. ನಾನೂ ನೋಡೇನ್ರಿ, ಖರೇನ ಬೆಳ್ಳಗಿರತೈತಿ.”

ಅದು ಪರದೆ ಅಲ್ಲವೋ ಮಾರಾಯಾ, ಮಂಜು ಎಂದು ಅವನಿಗೆ ವಿವರಿಸಿದೆ. ಅವನು ಎಲ್ಲ ಕೇಳಿ, “ಹೌದೇನ್ರಿ?” ಎಂದ. ಗಿರಣಿಯವರು ಹಾಗನ್ನುವುದು ನಂಬಿಕೆಯಿಲ್ಲದಾಗ. ಒಳಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ತೊಡೆಯ ಮೇಲಿನ ಬೆಕ್ಕನ್ನು ಕೆಳಗಿಳಿಸಿದಳು. ಆಮೇಲೆ, “ಹುಚ್ಚಿ,” ಎಂದಳು. ಶ್ಯಾವಿಗೆ ಮಣೆಯ ದೂರೊಂದನ್ನು ಬಿಟ್ಟರೆ, ಅಷ್ಟು ವರ್ಷಗಳಲ್ಲಿ ಬೆಕ್ಕಿನ ಮುಖಾಂತರವಲ್ಲದೆ ನೇರವಾಗಿ ತಂಗಿಯ ಬಗ್ಗೆ ಅವ್ವ ಆಡಿದ ಮೊದಲ ಮಾತು ಅದು.

ಕೆಲವೇ ದಿನಗಳಲ್ಲಿ ಸದಾಶಿವ ಸರಿಯಾದ ಅಳತೆಯ ಗಾಜು ತಂದು ಕೂರಿಸಿದ. ಹಳೆಯದನ್ನು ಗೋಡೆಗೆ ಒರಗಿಸಿಟ್ಟ. ಹೊಸ ಗಾಜು ಗಾಜೇ ಇಲ್ಲವೇನೋ ಎನ್ನುವಷ್ಟು ನಿರ್ಮಲ. ಬೆಕ್ಕು ಹಾರಲು ಹೋಗಿ ಮೂಗು ಬಡಿಸಿಕೊಂಡಿತು. ಅವ್ವ ಬಂದು ಕೂತು ನೋಡಿದಳು. ಎದುರಿಗೆ ಮುಚ್ಚಿದ ಬಾಗಿಲು, ಬರಿದಾದ ಕಟ್ಟೆ, ಆಡು ಕಟ್ಟುವ ಗೂಟ. “ಕೀಲಿ ಹೊಸಾದು ಹಾಕ್ಯಾಳ,” ಎಂದಳು. ಅಷ್ಟೇ. ಅದರ ಮರುದಿನವೂ ಅದನ್ನೇ ನೋಡಿದಳು. ಕೀಲಿ ನೋಡಲಿಕ್ಕೆ ಇಷ್ಟು ಒಳ್ಳೆಯ ಗಾಜು ಗೋಕಾಕದಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಕ್ಕಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಉಪಾಯಗಳ ಬಗ್ಗೆ ಇಷ್ಟರಲ್ಲಿ ನಿಮಗೆ ಒಂದು ಅಂದಾಜು ಬಂದಿರಬೇಕು. ಹಳೆಯ ಗಾಜನ್ನೇ ಕುಲಗೋಡಕ್ಕೆ ಒಯ್ದು ಚಿಗವ್ವನಿಗೆ ತೋರಿಸುವುದು! ಕಣ್ಣಾರೆ ಮಂಜು ನೋಡಿದ ಮೇಲೆ ಯಾರಿಗೆ ಸಂಶಯ ಉಳಿಯುತ್ತದೆ? ರವಿವಾರ ಬೆಳಿಗ್ಗೆ ನೋಡಿದೆ. ಗಾಜಿನ ನಡುವೆ ದಟ್ಟ ಮಂಜು. ಒಡೆಯದಿರಲಿ ಎಂದು ಅವ್ವನ ಹಾಸಿಗೆಯ ಮೇಲಿದ್ದ ದಪ್ಪ ಕೌದಿಯಲ್ಲಿ ಸುತ್ತಿ, ಹಗ್ಗ ಬಿಗಿದು ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟು, ಮೈತುಂಬ ಬಿಸಿಲು, ತೊಡೆಯ ಮೇಲೆ ಗಾಜು. ನನ್ನ ಹತ್ತಿರ ದನ ತೋರಿಸುವ ರೈತನೊಬ್ಬ ಪಕ್ಕದಲ್ಲೇ ಇದ್ದ. “ಏನ್ರಿ ಡಾಕ್ಟರ, ಟೀವಿ ಏನ್ರಿ?” ಎಂದ. ಅಲ್ಲ, ಗಾಜು ಎಂದೆ. “ದನದ ಹೊಟ್ಟಿ ಒಳಗ ನೋಡೂದೇನ್ರಿ?” ಎಂದ. ಹೌದು ಎಂದುಬಿಟ್ಟೆ. ಅದನ್ನು ಇಡೀ ಬಸ್ಸಿಗೆ ಅವನು ಸಾರಿದ. ಕುಲಗೋಡದಲ್ಲಿ ಇಳಿಯುವಾಗ ಇಬ್ಬರು ತಮ್ಮ ಆಕಳ ವಿಷಯಕ್ಕೆ ನನ್ನ ನಂಬರು ತೆಗೆದುಕೊಂಡರು.

ಮಹಾದೇವಿಯ ಮನೆ ಕಬ್ಬಿನ ಹೊಲಕ್ಕೆ ಹತ್ತಿಕೊಂಡಿದೆ. ಚಿಗವ್ವ ಅಂಗಳದ ಬಿಸಿಲಿಗೆ ಹೊರಸಿನ ಮೇಲೆ ಕೂತಿದ್ದಳು. ನನ್ನನ್ನು ಕಂಡು, “ಬಾ ಯಪ್ಪಾ,” ಎಂದಳು. ಸೊರಗಿದ್ದಳು. ಪಾದ ಎರಡೂ ಬಾತಿದ್ದವು. ನಾಲ್ಕು ಕಾಲಿನ ಜೀವವಾಗಿದ್ದರೆ ಇದನ್ನು ನಾನು ಎಂದೋ ಗಮನಿಸುತ್ತಿದ್ದೆ. ಎದುರು ಮನೆಯಲ್ಲಿದ್ದವಳನ್ನು ನೋಡಿರಲಿಲ್ಲ. ಮಹಾದೇವಿ ಚಹಾ ಕೊಡುವ ನೆವದಲ್ಲಿ ಕರೆದು, “ಹೃದಯ ಸೋತೈತಿ ಅಂದಾರ ಅಣ್ಣಾ. ಓಡ್ಯಾಡಸಬ್ಯಾಡ್ರಿ ಅಂದಾರ,” ಎಂದಳು. ನನಗೆ ಗಾಜಿನ ಕೆಲಸ ಬೇಗ ಮುಗಿಸಬೇಕೆನಿಸಿತು. ಜೋಡಿ ಗಾಜು, ಸೀಲು, ಹಸಿ ಗಾಳಿ ಎಲ್ಲ ವಿವರಿಸಿ, ಮಂತ್ರವಾದಿಯಂತೆ ಕೌದಿ ಬಿಚ್ಚಿ ಗಾಜು ಎತ್ತಿ ಅವಳ ಮುಂದೆ ಹಿಡಿದೆ.

“ನೋಡ ಚಿಗವ್ವಾ!”

ಗಾಜಿನ ಆ ಕಡೆಯಿಂದ ಚಿಗವ್ವ ನನ್ನನ್ನು ನೋಡಿದಳು. ಈ ಕಡೆಯಿಂದ ನಾನು ಅವಳನ್ನು ನೋಡಿದೆ. ಅವಳ ಹಣೆಯ ವಿಭೂತಿ, ಮೂಗಿನ ಬಳಿಯ ಮಚ್ಚೆ, ಕಣ್ಣ ಸುತ್ತಲಿನ ಒಂದೊಂದು ಗೆರೆ ಕೂಡ ಸ್ಪಷ್ಟವಾಗಿ ಕಂಡವು. ಕೌದಿಯ ಬೆಚ್ಚಗೆ, ಬಸ್ಸಿನ ಬಿಸಿಲಿಗೆ ಮಂಜೆಲ್ಲ ಆರಿಹೋಗಿತ್ತು.

“ಸ್ವಚ್ಛ ಐತಲ್ಲೋ,” ಎಂದಳು.

“ಮುಂಜಾನೆ ಇತ್ತು ಚಿಗವ್ವಾ. ದೇವರಾಣಿ ಇತ್ತು.”

ಚಿಗವ್ವನಿಗೆ ನಗು ಬಂತು. ನಕ್ಕರೆ ಉಸಿರು ಹತ್ತಿ ಕೆಮ್ಮು ಬಂತು. ಸುಧಾರಿಸಿಕೊಂಡು, “ಮಂಜ ಇದ್ದೀತು ಬಿಡು, ನೀ ಯಾಕ ಸುಳ್ಳ ಹೇಳಾಕ ಇಷ್ಟ ದೂರ ಗ್ಲಾಸ್ ಹೊತಗೊಂಡ ಬರತಿ? ಆದ್ರ ಶಿವೂ, ಮಂಜ ಹಿಡಿಯೂಕಿಂತ ಮೊದಲ ಸ್ವಚ್ಛನ ಇತ್ತಲ್ಲ. ಆವಾಗರೆ ಆಕಿ ಒಂದ ಮಾತ ಆಡಿದಳೇನು?” ಎಂದಳು.

ನಾನು ಗಾಜು ಹಿಡಿದುಕೊಂಡೇ ನಿಂತಿದ್ದೆ. ಅವಳು ಹಾಗೆಯೇ ಮುಂದುವರಿಸಿದಳು. “ಕಟಗಿ ಕಿಡಕಿ ಇದ್ದಾಗ ಬೈಯೂದರೆ ಕೇಳತಿತ್ತು. ಬೆಕ್ಕಿಗೆ ಅಂದ್ರೂ ನನಗ ಅಂತಾಳಂತ ಗೊತ್ತಿತ್ತು. ನಾ ಜ್ವರಾ ಬಂದ ಮಲಗಿದಾಗ ಏನ ಅಂದಳ ಗೊತ್ತೈತೇನು? ‘ಏ ಚಿನ್ನಿ, ಎದರ ಮನಿ ಆಡು ಎರಡ ದಿನಾ ಆತು ಒದರವಲ್ದು, ಸತ್ತೈತೇನು ನೋಡು’ ಅಂದಳು. ನಾ ಹಾಸಿಗ್ಯಾಗಿಂದ ‘ಸತ್ತಿಲ್ಲ’ ಅಂತ ಆಡಿಗೆ ಹೇಳಿದ್ನಿ. ನೀ ಈ ಗ್ಲಾಸ ಹಾಕಿಸಿದ ಮ್ಯಾಲೆ ಅದೂ ಇಲ್ಲ. ಬಾಯಿ ಆಡಸಿ ಆಡಸಿ ಬ್ಯಾಸರಾತು.”

ಹೊಲದ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಸ್ಸಿನ ಹೊತ್ತಾಯಿತು ಎಂದೆ. ಇಂಥ ಹೊತ್ತಿನಲ್ಲಿ ನನಗೆ ಯಾವಾಗಲೂ ಬಸ್ಸಿನ ಹೊತ್ತಾಗುತ್ತದೆ. ಗಾಜನ್ನು ಸುತ್ತಲು ಕೌದಿ ಎತ್ತಿಕೊಳ್ಳಲು ಹೋದರೆ ಚಿಗವ್ವ ಅದರ ತುದಿ ಹಿಡಿದಿದ್ದಳು. ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ, “ಈ ಕೆಂಪ ಚೌಕ ನಮ್ಮವ್ವನ ಸೀರಿದು. ಈ ಕಡಿ ಹೊಲಿಗಿ ನಂದು, ಆ ಕಡಿ ಆಕಿದು. ನೋಡು, ಹೆಂಗ ಡೊಂಕ ಹೊಲದಾಳ,” ಎಂದಳು. ಆಮೇಲೆ ಕೌದಿಯನ್ನು ಮಡಿಲಿಗೆ ಎಳೆದುಕೊಂಡು, “ಗ್ಲಾಸ ನೀ ಒಯ್ಯಿ. ಇದು ಇಲ್ಲೇ ಇರಲಿ,” ಎಂದಳು.

ಬರಿ ಗಾಜನ್ನು ಹಳೆಯ ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದೆ. ಸಂಜೆಯ ತಂಪಿಗೆ ಅದು ಮತ್ತೆ ಬೆಳ್ಳಗಾಗಿತ್ತು. ನನಗೆ ಸಿಟ್ಟು ಬಂದು ಕಾಲಿನಿಂದ ಒದೆಯೋಣ ಅನಿಸಿತು. ಚಪ್ಪಲಿ ಬಿಚ್ಚಿದ್ದೆ, ಬಿಟ್ಟೆ. ಅವ್ವ ಕಾಯುತ್ತಿದ್ದಳು. “ಏನಂದ್ಲು?” ಎಂದಳು. ಬಾತ ಕಾಲಿನ ವಿಷಯ, ಹೃದಯದ ವಿಷಯ ಹೇಳಿದೆ. ಗಾಜಿನ ವಿಷಯ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೌದಿ ಇಟ್ಟುಕೊಂಡಳು ಎಂದೆ. ಅವ್ವ ಸರ್ರನೆ ತಲೆಯೆತ್ತಿದಳು.

“ನನ್ನ ಕೌದಿ? ಇಟಗೊಂಡ್ಲಾ?”

“ಹೂಂ.”

“ಶ್ಯಾವಿಗಿ ಮಣಿ ಸೀಳಿದ್ದು ಸಾಲದಾತೇನು ಆಕಿಗೆ? ನಾಳೆ ಮುಂಜಾನೆ ನಡಿ. ಇಸಗೊಂಡ ಬರೂಣು.”

ಸರೋಜಾ ಒಳಗಿನಿಂದ ನನಗೆ ಕಣ್ಣು ಮಾಡಿ ಸುಮ್ಮನಿರಲು ಹೇಳಿದಳು. ಮರುದಿನ ರಜೆ ಹಾಕಿದೆ. ಕೌದಿ ಇಸಿದುಕೊಂಡು ಬರಲು ಹೊರಟ ಅವ್ವ ಎರಡು ಸೀರೆ, ಗುಳಿಗೆಯ ಡಬ್ಬಿ, ಒಂದು ಬುಟ್ಟಿ ಮೆತ್ತಗಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ಇದೆಲ್ಲ ಯಾಕೆ ಎಂದು ಕೇಳುವಷ್ಟು ದಡ್ಡ ನಾನಲ್ಲ. ಕೇಳಬೇಕೆಂದು ಬಾಯಿ ತೆರೆದದ್ದು ನಿಜ. ಸರೋಜಾ ಅಡ್ಡ ಬಂದಳು.

ಚಿಗವ್ವ ಒಳಕೋಣೆಯಲ್ಲಿ ಮಲಗಿದ್ದಳು. ಕೌದಿ ಗದ್ದದವರೆಗೆ ಹೊದ್ದಿದ್ದಳು. ಅವ್ವ ಹೊಸ್ತಿಲ ಮೇಲೆ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಡುವೆ ಗಾಜಿಲ್ಲದೆ ಎಷ್ಟೋ ವರ್ಷಗಳ ಮೇಲೆ ನೋಡುತ್ತಿದ್ದರು. ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಗೋಡೆಯ ಕ್ಯಾಲೆಂಡರು ಓದತೊಡಗಿದೆ.

“ಕೌದಿ ಕೊಡು,” ಎಂದಳು ಅವ್ವ.

“ತಗೊ,” ಎಂದಳು ಚಿಗವ್ವ. ಆದರೆ ಮಿಸುಕಲಿಲ್ಲ.

ಅವ್ವ ಹೋಗಿ ಮಂಚದ ಅಂಚಿಗೆ ಕೂತಳು. ಕೌದಿಯ ಅಂಚು ಹಿಡಿದಳು. ಎಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಥಂಡಿ ಹತ್ತತೈತೇನು?” ಎಂದಳು.

“ಹತ್ತತೈತಿ.”

“ಹಂಗಾದ್ರ ಇರಲಿ. ಥಂಡಿ ಹೋಗೂತನಕ ಇರಲಿ. ಆಮ್ಯಾಲೆ ಒಯ್ತೇನಿ.”

ಅವ್ವ ಅಲ್ಲಿಯೇ ಉಳಿದಳು. ನಾನೊಬ್ಬನೇ ವಾಪಸು ಬಂದೆ. ಒಂದು ವಾರ ಕಳೆಯುವುದರೊಳಗೆ ಮಹಾದೇವಿಯ ಫೋನು ಬರತೊಡಗಿತು. “ಅಣ್ಣಾ, ಮುಂಜಾನೆ ಎದ್ದ ಕೂಡಲೇ ಶುರು ಮಾಡತಾರ. ರೊಟ್ಟಿ ದಪ್ಪ ಅಂತ ಒಬ್ಬಾಕಿ, ಹೊಲಿಗಿ ಡೊಂಕ ಅಂತ ಒಬ್ಬಾಕಿ. ಈಗ ಆಡಿನ ನೆವಾನೂ ಇಲ್ಲ, ಬೆಕ್ಕಿನ ನೆವಾನೂ ಇಲ್ಲ, ನೇರ ಮಾರಿಗೆ ಬೈತಾರ. ನಮ್ಮನಿಯವರು ಹೊಲದಾಗ ಹೋಗಿ ಮಲಗಾಕತ್ಯಾರ. ದೊಡ್ಡವ್ವನ್ನ ಒಂದ ನಾಲ್ಕ ದಿನಾ ಕರಕೊಂಡ ಹೋಗು,” ಎಂದಳು. ಅವ್ವನಿಗೆ ಫೋನು ಕೊಡು ಎಂದೆ. ಬರುತ್ತೀಯಾ ಎಂದು ಅವ್ವನನ್ನು ಕೇಳಿದರೆ, “ಇನ್ನ ಥಂಡಿ ಐತಿ,” ಎಂದಳು. ಹಿಂದಿನಿಂದ ಚಿಗವ್ವ, “ಹೋಗಂತ ಹೇಳು ಆಕಿಗೆ!” ಎಂದು ಒದರಿದ್ದು ಕೇಳಿಸಿತು. ಉಸಿರಿಲ್ಲದ ದನಿ, ಆದರೂ ಒದರಿದ ದನಿ.

ಈ ವರ್ಷ ಚಳಿ ತಡವಾಗಿ ಹೋಯಿತು. ಶಿವರಾತ್ರಿ ಆಗಿ ಬಿಸಿಲು ಬಲಿತಿತ್ತು. ಕಬ್ಬು ಕಡಿದು ಹೊಲವೆಲ್ಲ ಬೋಳಾಗಿದ್ದಾಗ ಒಂದು ಬೆಳಿಗ್ಗೆ ಫೋನು ಬಂತು. ಈ ಸಲ ಮಹಾದೇವಿಯ ಗಂಡ ಮಾತಾಡಿದ. ಹಿಂದಿನಿಂದ ಯಾವ ಸದ್ದೂ ಇರಲಿಲ್ಲ. ಚಿಗವ್ವನನ್ನು ಕುಲಗೋಡದಲ್ಲೇ ಮಣ್ಣು ಮಾಡಿದೆವು. ಕೌದಿಯನ್ನು ಏನು ಮಾಡಲಿ ದೊಡ್ಡವ್ವಾ ಎಂದು ಮಹಾದೇವಿ ಕೇಳಿದಳು. ಆಮೇಲೆ ಗೊತ್ತಾಯಿತು, ಅವ್ವ ಅದನ್ನು ಆಗಲೇ ಬಿಳಿ ಬಟ್ಟೆಯ ಒಳಗೆ ಸುತ್ತಿ ತಂಗಿಯ ಜೊತೆ ಮಣ್ಣಿಗೆ ಕಳಿಸಿದ್ದಳು.

ಈಗ ಅವ್ವ ಮನೆಯಲ್ಲಿದ್ದಾಳೆ. ಹೊಸ ಗಾಜಿಗೆ ಇನ್ನೂ ಮಂಜು ಹಿಡಿದಿಲ್ಲ. ಸದಾಶಿವ ಫೋನು ಮಾಡಿ ಹೇಗಿದೆ ಎಂದು ಕೇಳಿದ; ಬಹಳ ಚೆನ್ನಾಗಿದೆ, ಎಲ್ಲ ಕಾಣುತ್ತದೆ ಎಂದೆ. ಬೇಕಾದರೆ ತೆರೆಯುವ ಕಿಟಕಿ ಹಾಕಿಸಿಕೊಡುತ್ತೇನೆ ಎಂದು ಅವ್ವನಿಗೆ ಹೇಳಿ ನೋಡಿದೆ. “ಈಗ್ಯಾಕ?” ಎಂದಳು. ಬೆಳಿಗ್ಗೆ ಚಹಾ ಆದ ಮೇಲೆ ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಹಾಕಿಕೊಂಡು ಕೂರುತ್ತಾಳೆ. ಆಮೇಲೆ ಮಾತಾಡುತ್ತಾಳೆ. ರೊಟ್ಟಿಯ ಮಾತು, ಹೊಲಿಗೆಯ ಮಾತು, ಶ್ಯಾವಿಗೆ ಮಣೆಯ ಮಾತು. ಒಂದು ಮಾತು ಅಂದು ನಿಲ್ಲಿಸುತ್ತಾಳೆ, ಒಬ್ಬರು ಉತ್ತರ ಕೊಡುವಷ್ಟು ಹೊತ್ತು. ತಲೆ ಅಲ್ಲಾಡಿಸುತ್ತಾಳೆ. ಮತ್ತೆ ಮುಂದಿನ ಮಾತು. ಹೊರಗಿನ ಸದ್ದು ಒಂದಿಷ್ಟೂ ಒಳಗೆ ಬಾರದ ಕೋಣೆಯಲ್ಲಿ ಆ ನಡುವಿನ ನಿಲುಗಡೆಗಳು ಬಹಳ ಉದ್ದವಾಗಿರುತ್ತವೆ. ಮೌನ ಬೇಕೆಂದು ಹಂಬಲಿಸಿದ ನಾನು ಪೇಪರು ಮುಖಕ್ಕೆ ಹಿಡಿದು ಅವುಗಳನ್ನೇ ಕೇಳುತ್ತ ಕೂರುತ್ತೇನೆ.

ಮೊನ್ನೆ ತಡೆಯಲಾಗಲಿಲ್ಲ. ಅವ್ವ, “ಮಣಿ ಸೀಳಿ ಕೊಟ್ಟಾಕಿ ನೀನ ಹೌದಿಲ್ಲೊ?” ಎಂದು ನಿಲ್ಲಿಸಿದಳು. ನಾನು ಪೇಪರಿನ ಮರೆಯಿಂದ ಮೆಲ್ಲಗೆ, “ಹೌದ ಅಕ್ಕಾ, ತಪ್ಪಾತು,” ಎಂದೆ.

ಅವ್ವ ತಿರುಗಿ ನನ್ನನ್ನು ದಿಟ್ಟಿಸಿ ನೋಡಿದಳು. ಅಳುತ್ತಾಳೇನೋ ಎಂದುಕೊಂಡೆ.

“ಆಕಿ ಎಂದೂ ಹಂಗ ಅಂದಿಲ್ಲ,” ಎಂದಳು. “ಸುಮ್ಮ ಕೂಡು. ನಿನಗ ಜಗಳಾ ಮಾಡಾಕೂ ಬರೂದಿಲ್ಲ.”